ಹನ್ನೊಂದು ಬೋಲ್ಟು

ಪಂಕಜಾಕ್ಷಮ್ಮ ಡಾಕ್ಟರ ಕಾಂಟೆಸ್ಸಾದ ತಳ ತುಕ್ಕು ತಿಂದು
ಪೆಡಲಿನ ಕೆಳಗೆ ರಸ್ತೆ ಕಾಣುತ್ತಿತ್ತು.
ಇಂಜಿನ್ನು ಮಾತ್ರ ಗಟ್ಟಿ.
ಹಾಲಪ್ಪನ ಅಂಬಾಸಿಡರು ಇದಕ್ಕೆ ಉಲ್ಟಾ:
ಮೈ ಕಬ್ಬಿಣದ ಪೆಟ್ಟಿಗೆ, ಒಳಗೆ ಉಬ್ಬಸ.
ಆನಗೋಡಿನ ಏರು ಬಂದರೆ
ಬಾಡಿಗೆಯವರು ಇಳಿದು ನಡೆಯುತ್ತಿದ್ದರು,
ನಡೆದವರೇ ಮೊದಲು ಮುಟ್ಟುತ್ತಿದ್ದರು.

"ಅದರ ಜೀವ ತಗದು ಇದಕ್ಕ ಹಾಕಾನ"
ಎಂದ ದಸ್ತಗೀರ್ ಸಾಬ್,
ಮಂಡಕ್ಕಿ ಭಟ್ಟಿಯ ಹೊಗೆಗೆ ಕಣ್ಣು ಕಿರಿದು ಮಾಡಿ,
ನೆಂಟಸ್ತನ ಕುದುರಿಸುವವನ ಹಾಗೆ.

ಬೇವಿನ ಕೊಂಬೆಗೆ ಚೈನ್ ಪುಲ್ಲಿ.
ಕಾಂಟೆಸ್ಸಾದ ಹೊಟ್ಟೆಯಿಂದ ಎದ್ದ ಇಂಜಿನ್ನು
ಕರೀ ಎಣ್ಣೆ ತೊಟ್ಟಿಕ್ಕುತ್ತ
ಗಾಳಿಯಲ್ಲಿ ನಿಧಾನ ಒಂದು ಸುತ್ತು ತಿರುಗಿತು.
ಕೂರಿಸಿದರೆ ಕೂರದು.
ಚೇಂಬರು ಅಡ್ಡಪಟ್ಟಿಗೆ ಬಡಿಯುತ್ತದೆ,
ಫ್ಯಾನು ರೇಡಿಯೇಟರನ್ನು ಕೆರೆಯುತ್ತದೆ,
ಹಿಂದೆ, ಗೇರುಪೆಟ್ಟಿಗೆಯ ಬಾಯಿಗೂ ಇದರ ಬೆನ್ನಿಗೂ
ಒಂದು ತೂತೂ ತಾಳೆಯಿಲ್ಲ.
"ಗೇರ್‌ಬಾಕ್ಸೂ ಅದರದೇ ಹಾಕ್ಕೊ ಮಾರಾಯ."
ಹಾಲಪ್ಪ ಒಲ್ಲ.
ಸ್ಟೇರಿಂಗ್ ಪಕ್ಕದ ಹ್ಯಾಂಡಲ್ ಗೇರೇ ಬೇಕಂತೆ,
ಮುಂದಿನ ಸೀಟಿಗೆ ಮೂರು ಜನ ಹಿಡಿಸಬೇಕಂತೆ.

ಆಮೇಲೆ ನನ್ನ ಹತ್ತಿರ ಬಂದರು.

ನನ್ನ ಲೇತು ಮುಚ್ಚಿದ ಹತ್ತಿ ಮಿಲ್ಲಿನ ಹರಾಜಿನದು;
ಸಂದಿಗೆ ಚಿಮಟ ಹಾಕಿದರೆ ಈಗಲೂ
ಒಂದೆಳೆ ಬಿಳಿ ಸಿಗುತ್ತದೆ.
ಸೀರೆ ಡಬ್ಬದ ರಟ್ಟನ್ನು ಇಂಜಿನ್ನಿನ ಬೆನ್ನಿಗೆ ಒತ್ತಿ
ಗ್ರೀಸು ಬೆರಳಿಂದ ಉಜ್ಜಿದೆ. ತೂತುಗಳು ಮೂಡಿದವು.
ಅದೇ ರಟ್ಟಿನ ಹಿಂಬದಿಗೆ ಗೇರುಪೆಟ್ಟಿಗೆಯವು.
ಪಂಚು ಹೊಡೆದು ಬಲ್ಬಿಗೆ ಹಿಡಿದರೆ
ಎರಡು ಆಕಾಶದ ಚುಕ್ಕಿ ಒಂದರೊಳಗೊಂದು.

ಮುಕ್ಕಾಲು ಇಂಚಿನ ಉಕ್ಕು.
ಅತ್ತ ಅವರ ತೂತು, ಇತ್ತ ಇವರ ತೂತು,
ನಡುವೆ ಶಾಫ್ಟು ಹಾಯುವ ದಾರಿ.
ಕೂದಲೆಳೆ ಸರಿದರೂ ಬೇರಿಂಗು ಅಳುತ್ತದೆ.
ಡಯಲಿನ ಮುಳ್ಳು ಅಲುಗಾಟ ಬಿಡುವ ತನಕ
ಮೂರು ದಿನ, ನನ್ನ ಟೀ ಎಲ್ಲಾ ಆರಿದವು.
ಹನ್ನೆರಡನೆಯ ತೂತು ಮಾತ್ರ
ಸ್ಟಾರ್ಟರ್ ಮೋಟಾರಿನ ಹೊಟ್ಟೆಗೇ ಬಂತು.
"ಬಿಡು ಮೌನಾಚಾರಿ, ಹನ್ನೊಂದು ಸಾಕು."
ಬಿಟ್ಟೆ.
ಆ ರಾತ್ರಿ ನಿದ್ದೆಯಲ್ಲಿ ಡ್ರಿಲ್ಲು ಹಾಕುತ್ತಲೇ ಇದ್ದೆ.

ಆರ್‌ಟಿಒ ಆಫೀಸಿನ ಗುಮಾಸ್ತ
ಕಾಗದ ಇಟ್ಟು ಪೆನ್ಸಿಲು ಉಜ್ಜಿ ನಂಬರು ತೆಗೆದ.
ಬಾನೆಟ್ಟು ನೋಡಿದ, ಪುಸ್ತಕ ನೋಡಿದ.
"ಇದು ಯಾವ ಗಾಡಿ ಅಂತ ಬರೀಲ್ರೀ?"
ಸಾಬ್ ನನ್ನನ್ನು ನೋಡಿದ, ನಾನು ಹಾಲಪ್ಪನನ್ನು.

ಹೀಟರು ಕೆಂಪಾಗಲು ಇಪ್ಪತ್ತು ಎಣಿಸಿದೆವು.
ಒಂದು ಕೆಮ್ಮು. ಇನ್ನೊಂದು.
ಹೊಗೆಯಲ್ಲಿ ಬೇವಿನ ಮರ ಮಾಯವಾಗಿ
ಮತ್ತೆ ಬಂತು, ಕಾಗೆಗಳಿಲ್ಲದೆ.
ಆನಗೋಡಿನ ಏರಿನಲ್ಲಿ ಯಾರೂ ಇಳಿಯಲಿಲ್ಲ.
ಹಾಲಪ್ಪ ಮಾತೇ ಆಡಲಿಲ್ಲ,
ಹೊಸ ಹೆಂಡತಿಯ ಅಡುಗೆ ಉಂಡವನ ಹಾಗೆ
ಕಿವಿ ಕೆಂಪಾಗಿಸಿಕೊಂಡು ಗೇರು ಬದಲಿಸುತ್ತಿದ್ದ.

ವಾಪಸು ಬರುತ್ತ ಹೊಂಡದ ಸರ್ಕಲ್ಲು. ಗಾಡಿ ನಿಂತಿತ್ತು.
ಹೂವಿನ ಬುಟ್ಟಿಗೆ ಬಗ್ಗಿದ್ದ ಪಂಕಜಾಕ್ಷಮ್ಮ
ಸೊಂಟ ನೆಟ್ಟಗೆ ಮಾಡಿದರು.
ಎಡಕ್ಕೆ ಹುಡುಕಿದರು, ಬಲಕ್ಕೆ ಹುಡುಕಿದರು
ತಮ್ಮ ಬಿಳಿ ಕಾರು.
ಕಂಡದ್ದು ಕರೀ ಮೈ, ಹಳದಿ ತಲೆ.
ಕೋಲೂರಿಕೊಂಡು ಬಂದು ಬಾನೆಟ್ಟಿನ ಮೇಲೆ
ಅಂಗೈ ಇಟ್ಟರು. ಅರ್ಧ ದಾವಣಗೆರೆಯ
ಬಸುರು ಮುಟ್ಟಿ ನೋಡಿದ ಅಂಗೈ.
"ಬೆಳಿಗ್ಗೆ ಇನ್ನೂ ಎರಡು ಸಲ ಕೆಮ್ಮುತ್ತಾ?"

ಹಾಲಪ್ಪ ಅವರನ್ನು ಕಂಡವನಲ್ಲ, ವ್ಯವಹಾರವೆಲ್ಲ ಸಾಬ್‌ದು.
ಆದರೂ ಯಾಕೋ ಸೀಟಿನಲ್ಲಿ ನೆಟ್ಟಗೆ ಕೂತ.
"ಇವತ್ತು ಮೂರ್ರೀ, ಅಮ್ಮ."
"ಚಳಿ ಅಲ್ವಾ," ಎಂದರು. ಕೈ ತೆಗೆಯಲಿಲ್ಲ.

ಹಿಂದೆ ಹಾರ್ನುಗಳು.
ನಾನು ಜೇಬಿನಲ್ಲಿ ಹನ್ನೆರಡನೆಯ ಬೋಲ್ಟಿಗೆ
ನಟ್ಟು ಹಾಕುತ್ತಿದ್ದೆ, ಬಿಚ್ಚುತ್ತಿದ್ದೆ.